14ನೇ ದಿನ ಅಂತ ನಂಬಿ 13 ತಿಂಗಳು ಕಳೆದುಕೊಂಡೆ, ನೀವು ಹೀಗೆ ಮಾಡಬೇಡಿ

ಮಗು ಬೇಕು ಅಂತ ಮೊಬೈಲ್ ಆಪ್ ನೋಡಿಕೊಂಡು ದಿನ ಎಣಿಸುತ್ತಿರುವವರು ದಯವಿಟ್ಟು ಇದನ್ನೊಮ್ಮೆ ಓದಿ. ಮುಜುಗರದ ವಿಷಯ, ಆದರೂ ಬಿಚ್ಚಿಯೇ ಬರೆಯುತ್ತೇನೆ. ಮುಜುಗರಪಟ್ಟು ಯಾರನ್ನೂ ಕೇಳದೆ ಇದ್ದದ್ದಕ್ಕೇ ನನಗೆ ಇಷ್ಟೆಲ್ಲಾ ಆಗಿದ್ದು.

ಆಪ್ ಹಾಕಿಕೊಂಡಾಗ ಅದು ಮೊದಲು ಕೇಳಿದ್ದು ನಿಮ್ಮ ಸೈಕಲ್ ಎಷ್ಟು ದಿನದ್ದು ಅಂತ, ಅಂದರೆ ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿಗೆ ಎಷ್ಟು ದಿನ ಅಂತ. ನಾನು ಯಾವತ್ತೂ ಲೆಕ್ಕ ಇಟ್ಟವಳಲ್ಲ. ಅಲ್ಲಿ 28 ಅಂತ ಮೊದಲೇ ಬರೆದಿತ್ತು, ಎಲ್ಲರಿಗೂ ಅಷ್ಟೇ ಅಲ್ವಾ ಅಂದುಕೊಂಡು ಸುಮ್ನೆ ಮುಂದಕ್ಕೆ ಒತ್ತಿಬಿಟ್ಟೆ. ನಿಜಕ್ಕೂ ನನ್ನದು 34ರಿಂದ 36 ದಿನದ್ದು. ಪ್ರತಿ ತಿಂಗಳೂ ಆಪ್ "ಮುಟ್ಟು 6 ದಿನ ತಡ", "7 ದಿನ ತಡ" ಅಂತ ತೋರಿಸುತ್ತಿತ್ತು, ನಾನು ಪ್ರತಿ ತಿಂಗಳೂ ಈ ಸಲ ನಿಂತಿತು ಅಂದುಕೊಂಡು ಟೆಸ್ಟ್ ಕಿಟ್ ತಂದು ಬಾತ್‌ರೂಮಿನಲ್ಲಿ ಒಂದೇ ಗೆರೆ ನೋಡಿಕೊಂಡು ಕೂರುತ್ತಿದ್ದೆ. ತಡ ಆಗುತ್ತಿದ್ದದ್ದು ನನ್ನ ಮುಟ್ಟಲ್ಲ, ಲೆಕ್ಕವೇ ತಪ್ಪು ಅಂತ ಹೊಳೆಯಲೇ ಇಲ್ಲ.

ಆಪ್‌ನಲ್ಲಿ 10ರಿಂದ 14ನೇ ದಿನದವರೆಗೆ ಹಸಿರು ಬಣ್ಣ, ಅಂದರೆ 14ಕ್ಕೆ ಅಂಡ ಬಿಡುಗಡೆ, ಗರ್ಭ ನಿಲ್ಲುವ ದಿನಗಳು ಇವು ಅನ್ನುವ ಲೆಕ್ಕ. ಆ ಐದು ದಿನ ಸುಸ್ತಾಗಿರಲಿ, ಜಗಳವಾಗಿರಲಿ, ನಾವು ತಪ್ಪಿಸಲಿಲ್ಲ. ಹಸಿರು ಹೋಯಿತೋ, ಇಬ್ಬರೂ ಪರೀಕ್ಷೆ ಮುಗಿಸಿದ ಮಕ್ಕಳ ಹಾಗೆ ಹಾಯಾಗಿ ಮಲಗಿಬಿಡುತ್ತಿದ್ದೆವು.

ಈಗ ಗೊತ್ತಾಗಿದ್ದು ಇಷ್ಟು. ಅಂಡ ಬಿಡುಗಡೆಯಾದ ಮೇಲೆ ಮುಂದಿನ ಮುಟ್ಟು ಬರುವುದಕ್ಕೆ ಸುಮಾರು 14 ದಿನ ಬೇಕು, ಈ ಭಾಗ ಹೆಚ್ಚು ಏರುಪೇರಾಗುವುದಿಲ್ಲ, ಸಾಮಾನ್ಯವಾಗಿ ಒಂದೆರಡು ದಿನ ಆಚೀಚೆ ಅಷ್ಟೇ. ಹಿಗ್ಗುವುದು, ಕುಗ್ಗುವುದು ಜಾಸ್ತಿ ಮೊದಲನೇ ಭಾಗ. ಅಂದರೆ 14 ಅನ್ನುವುದನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು, ನಾನು ಎಣಿಸಿದ್ದು ಹಿಂದಿನ ಮುಟ್ಟಿನಿಂದ ಮುಂದಕ್ಕೆ. 28 ದಿನದವರಿಗೆ ಎರಡೂ ಕಡೆಯಿಂದ ಒಂದೇ ಉತ್ತರ ಬರುತ್ತದೆ. ನನ್ನಂಥ 35 ದಿನದವಳಿಗೆ 21ನೇ ದಿನ ಬರುತ್ತದೆ. ವೀರ್ಯಾಣು ದೇಹದೊಳಗೆ ಜಾಸ್ತಿ ಅಂದರೆ 5 ದಿನ ಬದುಕುತ್ತದೆ, ಅಂಡಾಣು ಬದುಕುವುದು ಒಂದು ದಿನ, ಕೆಲವೊಮ್ಮೆ ಅಷ್ಟೂ ಇಲ್ಲ. ಹಾಗಾಗಿ ಗರ್ಭ ನಿಲ್ಲಬಹುದಾದ ದಿನಗಳು ಹೆಚ್ಚೆಂದರೆ 6, ಅಂಡ ಬಿಡುಗಡೆಯ ದಿನ ಮತ್ತು ಅದಕ್ಕೆ ಮುಂಚಿನ ಐದು. ನನಗೆ ಅದು 16ರಿಂದ 21. ನಾವು 14ಕ್ಕೇ ಅಂಗಡಿ ಮುಚ್ಚುತ್ತಿದ್ದೆವು!

ಇನ್ನೂ ಹೊಟ್ಟೆ ಉರಿಯುವ ವಿಷಯ ಕೇಳಿ. ಪ್ರತಿ ತಿಂಗಳೂ 18, 19ನೇ ದಿನದ ಹೊತ್ತಿಗೆ ಬಿಳಿ ಹೋಗುವುದು ಜಾಸ್ತಿಯಾಗುತ್ತಿತ್ತು, ಹಸಿ ಮೊಟ್ಟೆಯ ಬಿಳಿಯ ಹಾಗೆ ತಿಳಿಯಾಗಿ, ಬೆರಳಲ್ಲಿ ಎಳೆದರೆ ನೂಲಿನ ಹಾಗೆ ಬರುತ್ತಿತ್ತು. ನಾನು ಅದನ್ನು ಇನ್ಫೆಕ್ಷನ್ ಅಂದುಕೊಂಡೆ. ಗಂಡನಿಗೆ ತಾಗುತ್ತದೆ ಅಂತ ಹೆದರಿ ಆ ದಿನಗಳಲ್ಲಿ ಬೇಕಂತಲೇ ದೂರ ಇದ್ದೆ. ಅಂಡ ಬಿಡುಗಡೆ ಹತ್ತಿರ ಬಂತು ಅಂತ ದೇಹ ಕೊಡುವ ಸೂಚನೆ ಅದು, ವೀರ್ಯಾಣು ಮೇಲೆ ಈಜುವುದಕ್ಕೆ ದಾರಿ ಮಾಡಿಕೊಡುವುದೇ ಆ ಲೋಳೆ. (ವಾಸನೆ, ತುರಿಕೆ, ಮೊಸರು ಒಡೆದಂತೆ ಇದ್ದರೆ ಅದು ಬೇರೆ, ಡಾಕ್ಟರಿಗೆ ತೋರಿಸಿ.)

ಮೂತ್ರದ ಓವ್ಯುಲೇಷನ್ ಸ್ಟ್ರಿಪ್ ಕೂಡ ಮಾಡಿದೆ. ಆಪ್ ಹೇಳಿದಂತೆ 10ಕ್ಕೆ ಶುರು ಮಾಡಿ 15ಕ್ಕೆ ನಿಲ್ಲಿಸಿದೆ, ಒಂದು ದಿನವೂ ಪಾಸಿಟಿವ್ ಇಲ್ಲ. ಸ್ಟ್ರಿಪ್ ಹಿಡಿಯುವುದು ಎಲ್‌ಎಚ್ ಹಾರ್ಮೋನ್ ಏರುವುದನ್ನು. ಅದು ಏರಿ ಸುಮಾರು 24ರಿಂದ 36 ಗಂಟೆಗೆ ಅಂಡ ಹೊರಬರುತ್ತದೆ. ನನಗೆ ಅದು ಏರುವ ಮೊದಲೇ ಪೊಟ್ಟಣ ಖಾಲಿ. ಪಿಸಿಒಎಸ್ (ಹಾರ್ಮೋನ್ ಏರುಪೇರಿನ ಒಂದು ತೊಂದರೆ) ಇರುವವರಿಗೆ ಇದು ಸುಳ್ಳು ಪಾಸಿಟಿವ್ ತೋರಿಸುವುದೂ ಉಂಟು, ಬರೀ ಅದನ್ನೇ ನಂಬಬೇಡಿ. ಬೆಳಗ್ಗೆ ಏಳುವ ಮೊದಲು ಟೆಂಪರೇಚರ್ ನೋಡುವವರಿಗೂ ಒಂದು ಮಾತು: ಅದು ಸ್ವಲ್ಪ ಏರುವುದು ಅಂಡ ಹೊರಬಂದ ಮೇಲೆ. ಕೆಲವು ತಿಂಗಳು ಬರೆದಿಟ್ಟರೆ ನಿಮ್ಮ ರೀತಿ ಗೊತ್ತಾಗುತ್ತದೆ, ಆದರೆ ಏರಿದ್ದು ನೋಡಿ ಆ ದಿನ ಓಡಿದರೆ ಬಸ್ ಹೋಗಿರುತ್ತದೆ.

ಕೊನೆಗೆ ಒಬ್ಬ ಡಾಕ್ಟರ ಹತ್ತಿರ ಹೋದೆವು. "21ನೇ ದಿನ ಪ್ರೊಜೆಸ್ಟರಾನ್ ರಕ್ತ ಪರೀಕ್ಷೆ ಮಾಡಿಸಿ" ಅಂದರು. ಅಂಡ ಹೊರಬಂದ ಮೇಲೆ ಏರುವ ಹಾರ್ಮೋನ್ ಅದು. ಮಾಡಿಸಿದೆ. ಕಡಿಮೆ ಬಂತು. ಎರಡು ನಿಮಿಷ ರಿಪೋರ್ಟ್ ನೋಡಿ "ನಿಮಗೆ ಅಂಡ ಬಿಡುಗಡೆಯೇ ಆಗುತ್ತಿಲ್ಲ" ಅಂತ ಮಾತ್ರೆ ಬರೆದುಕೊಟ್ಟರು. ಅವತ್ತು ರಾತ್ರಿ ಅತ್ತಿದ್ದು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಮಾತ್ರೆ ನುಂಗುವ ಮೊದಲು ಇನ್ನೊಬ್ಬರಿಗೆ ತೋರಿಸೋಣ ಅಂದಿದ್ದು ಗಂಡ. ಆ ಎರಡನೇ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ನಿಮಗೆ ಎಷ್ಟು ದಿನಕ್ಕೊಮ್ಮೆ ಆಗುತ್ತದೆ ತಾಯಿ?" ಆ ರಕ್ತ ಪರೀಕ್ಷೆ ಮಾಡಬೇಕಾದ್ದು ಮುಂದಿನ ಮುಟ್ಟಿಗೆ ಸುಮಾರು 7 ದಿನ ಮೊದಲಂತೆ. 21ನೇ ದಿನ ಅನ್ನುವುದು 28 ದಿನದವರ ಲೆಕ್ಕ. ನನಗೆ 28ನೇ ದಿನ ಮಾಡಿಸಿದಾಗ ಚೆನ್ನಾಗಿಯೇ ಬಂತು. ಗಂಡನ ವೀರ್ಯ ಪರೀಕ್ಷೆ ಬರೆದುಕೊಟ್ಟವರೂ ಇವರೇ, ಅಲ್ಲಿಯವರೆಗೆ ಕೊರತೆ ಏನಿದ್ದರೂ ನನ್ನದೇ ಅನ್ನುವ ಹಾಗೆ ನಡೆದಿತ್ತು.

ಮಗು ಸದ್ಯಕ್ಕೆ ಬೇಡ ಅಂತ ಇದೇ ಆಪ್ ನಂಬಿದವರ ಪಾಡು ಇನ್ನೂ ಕಷ್ಟ. 24 ದಿನದ ಸೈಕಲ್ ಇದ್ದರೆ 10ನೇ ದಿನಕ್ಕೇ ಅಂಡ ಹೊರಬರಬಹುದು, ಮುಟ್ಟಿನ ರಕ್ತ ಹೋಗುವುದು ಮುಗಿದ ಮರುದಿನ ಸೇರಿದರೂ ಗರ್ಭ ನಿಲ್ಲಬಹುದು. 2000ನೇ ಇಸವಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಗರ್ಭ ನಿಲ್ಲುವ ಆರೂ ದಿನ 10ರಿಂದ 17ರ ಒಳಗೇ ಬರುವುದು ಸುಮಾರು 30% ಹೆಂಗಸರಿಗೆ ಮಾತ್ರ. ಹಸಿರು ಇಲ್ಲದ ದಿನ ಸೇಫ್ ಅಂತ ಯಾವ ಆಪ್ ಹೇಳಿದರೂ ಅದು ಅಂದಾಜು. ಬೇಡ ಅಂದರೆ ಬೇರೆ ದಾರಿ ನೋಡಿ.

ನಾನು ಈಗ ಮಾಡುತ್ತಿರುವುದು: 14ರಿಂದ ದಿನ ಬಿಟ್ಟು ದಿನ, ಲೋಳೆ ಕಂಡ ಮೇಲೆ ದಿನಾ, ಸ್ಟ್ರಿಪ್ 15ರಿಂದ. ಮುಟ್ಟಿನ ದಿನಾಂಕ ಕ್ಯಾಲೆಂಡರ್‌ನಲ್ಲಿ ಪೆನ್ನಿನಿಂದ. ವಯಸ್ಸು 35ರ ಒಳಗಿದ್ದರೆ ಒಂದು ವರ್ಷ, ದಾಟಿದ್ದರೆ 6 ತಿಂಗಳು ನೋಡಿ ಡಾಕ್ಟರ ಹತ್ತಿರ ಹೋಗಿ, ಮುಟ್ಟು ತೀರಾ ಏರುಪೇರಾಗುತ್ತಿದ್ದರೆ ಅಷ್ಟೂ ಕಾಯಬೇಡಿ. ಹೋಗುವಾಗ ಹಿಂದಿನ ಆರು ತಿಂಗಳ ದಿನಾಂಕ ಬರೆದುಕೊಂಡು ಹೋಗಿ, ಅವರು ಕೇಳದಿದ್ದರೂ ನೀವೇ ಹೇಳಿ.

ಕೇಳುವ ಮೊದಲೇ ಹೇಳಿಬಿಡುತ್ತೇನೆ, ಇನ್ನೂ ನಿಂತಿಲ್ಲ. ದಿನ ಸರಿಯಾಗಿ ಹಿಡಿದರೂ ಪ್ರತಿ ತಿಂಗಳೂ ನಿಲ್ಲುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಮನೆಯವರೆಲ್ಲ ಹದಿನೈದು ತಿಂಗಳಾಯಿತು ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಇದು ಎರಡನೆಯದು.