ಸಾಲ ಕೊಡುವ ಮುನ್ನ ಶುಲ್ಕ ಕೇಳಿದ ಸೇವೆ: ಒಂದು ವಿಮರ್ಶೆ

ಈ ಆನ್‌ಲೈನ್ ಸಾಲ ಸೇವೆಯ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಇಂಥವರು ಹೆಸರನ್ನು ಅಂಗಿಯಂತೆ ಬದಲಿಸುತ್ತಾರೆ. ಬದಲಾಗದೆ ಉಳಿಯುವುದು ಅವರು ಕೆಲಸ ಮಾಡುವ ಕ್ರಮ. ಆದ್ದರಿಂದ ವಿಮರ್ಶೆಗೆ ಯೋಗ್ಯವಾದದ್ದೂ ಆ ಕ್ರಮವೇ.

ಅರ್ಜಿ ತುಂಬುವುದು ಅತ್ಯಂತ ಸುಲಭವಾಗಿತ್ತು, ಸಿಬ್ಬಂದಿಯ ಮಾತು ಬಹಳ ಸೌಜನ್ಯದಿಂದ ಕೂಡಿತ್ತು, ಅರ್ಧ ಗಂಟೆಯೊಳಗೆ ಮಂಜೂರಾತಿ ಪತ್ರವೂ ಬಂತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಸಾಲ ಕೊಡುವವನ ಮೊದಲ ಚಿಂತೆ ಕೊಟ್ಟ ಹಣ ಮರಳಿ ಬರುತ್ತದೆಯೇ ಎಂಬುದು. ಅದಕ್ಕಾಗಿಯೇ ಅವನು ಆದಾಯ, ಹಳೆಯ ಸಾಲ, ಮರುಪಾವತಿಯ ಚರಿತ್ರೆ ಎಲ್ಲವನ್ನೂ ಕೆದಕುತ್ತಾನೆ. ಇವರು ನನ್ನನ್ನು ಒಮ್ಮೆಯೂ ಸಂಶಯದಿಂದ ನೋಡಲಿಲ್ಲ. ಹಳೆಯ ಬಾಕಿ ಇದ್ದರೂ ಅಡ್ಡಿಯಿಲ್ಲ, ಸಾಲ ಖಚಿತ ಎಂದರು. ಕಳೆದುಕೊಳ್ಳಲು ಅವರ ಹಣವೇ ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಮೊದಲು ಕೇಳಿದ್ದು ಸಾಲದ ಮೊತ್ತದ ಶೇ 2ರಷ್ಟು ಪ್ರೊಸೆಸಿಂಗ್ ಶುಲ್ಕ. ಅದನ್ನು ಕಟ್ಟಿದ ಮೇಲೆ ವಿಮೆ, ವಿಮೆಯ ನಂತರ ತೆರಿಗೆ. ಕೊನೆಗೆ, ನಾನು ಖಾತೆ ಸಂಖ್ಯೆಯನ್ನು ತಪ್ಪಾಗಿ ನಮೂದಿಸಿದ್ದರಿಂದ ಹಣ ತಡೆಹಿಡಿಯಲಾಗಿದೆ, ಬಿಡಿಸಲು ಇನ್ನೊಂದು ಮೊತ್ತ ಬೇಕು ಎಂದರು. ನಾನು ಕಳುಹಿಸಿದ ಅರ್ಜಿಯ ಪ್ರತಿಯನ್ನು ತೆಗೆದು ನೋಡಿದರೆ ಅದರಲ್ಲಿ ಸಂಖ್ಯೆ ಸರಿಯಾಗಿಯೇ ಇತ್ತು. ಒಂದು ಅಂಕಿಯನ್ನು ಬದಲಿಸಿದವರು ಅವರೇ. ಪ್ರತಿ ಬಾರಿಯೂ ಕಟ್ಟಿದ್ದೆಲ್ಲ ಸಾಲದೊಂದಿಗೆ ಮರಳುತ್ತದೆ ಎಂಬ ಭರವಸೆ, ಪ್ರತಿ ಬಾರಿಯೂ ಇಂದೇ ಕಟ್ಟಬೇಕೆಂಬ ಗಡುವು. ಕಳೆದುಹೋದ ಹಣದ ಆಸೆಯೇ ಮುಂದಿನ ಕಂತನ್ನು ಕಟ್ಟಿಸುತ್ತದೆ.

ಶುಲ್ಕ ಎಂಬುದೇ ವಂಚನೆಯ ಗುರುತಲ್ಲ. ಅಧಿಕೃತ ಸಂಸ್ಥೆಗಳೂ ಪ್ರೊಸೆಸಿಂಗ್ ಶುಲ್ಕ ಪಡೆಯುತ್ತವೆ, ಆದರೆ ಸಾಮಾನ್ಯವಾಗಿ ಅದನ್ನು ಸಾಲದ ಮೊತ್ತದಲ್ಲೇ ಮುರಿದುಕೊಳ್ಳುತ್ತವೆ. ಗೃಹಸಾಲದಲ್ಲಿ ಆಸ್ತಿಯ ಮೌಲ್ಯಮಾಪನಕ್ಕೆ ಮೊದಲೇ ಹಣ ಕಟ್ಟಬೇಕಾಗಬಹುದು. ಅದಕ್ಕೆ ರಸೀದಿ ಇರುತ್ತದೆ, ಹಣ ಸಂಸ್ಥೆಯ ಖಾತೆಗೇ ಹೋಗುತ್ತದೆ, ಸಾಲ ಸಿಕ್ಕೇ ಸಿಗುತ್ತದೆಂದು ಯಾರೂ ಹೇಳುವುದಿಲ್ಲ. ಖಚಿತ ಎಂಬ ಮಾತು ಮತ್ತು ಮುಂಗಡ ಹಣ, ಇವೆರಡೂ ಒಟ್ಟಿಗೆ ಬಂದಾಗ ಎಚ್ಚರವಾಗಬೇಕು. ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ಟೆಲಿಮಾರ್ಕೆಟಿಂಗ್ (ದೂರವಾಣಿ ಮೂಲಕ ಮಾರಾಟ) ನಿಯಮ ನಿಷೇಧಿಸುವುದೂ ಈ ಜೋಡಿಯನ್ನೇ: ಸಾಲ ಖಚಿತವೆಂದೋ ಬಹುತೇಕ ಖಚಿತವೆಂದೋ ಹೇಳಿ, ಅದು ಕೈಸೇರುವ ಮೊದಲೇ ಶುಲ್ಕ ಪಡೆಯುವಂತಿಲ್ಲ. ನನ್ನಿಂದ ಹಣ ಹೋದದ್ದು ಪ್ರತಿ ಸಲವೂ ಬೇರೆ ಬೇರೆ ವ್ಯಕ್ತಿಗಳ ಖಾತೆಗೆ.

ಜಾಲತಾಣ ಅಚ್ಚುಕಟ್ಟಾಗಿತ್ತು. ವಿಳಾಸದ ಪಕ್ಕದ ಬೀಗದ ಚಿಹ್ನೆಯನ್ನು ನಾನು ನಂಬಿದ್ದೆ. ಆದರೆ ಅದು ಸಂಪರ್ಕ ಗೂಢಲಿಪಿಯಲ್ಲಿದೆ ಎಂದಷ್ಟೇ ಹೇಳುತ್ತದೆ, ಆಚೆ ಕುಳಿತವರು ಪ್ರಾಮಾಣಿಕರೆಂದಲ್ಲ. ದಶಕಗಳ ಅನುಭವವಿದೆ ಎಂದು ಬರೆದುಕೊಂಡಿದ್ದ ತಾಣದ ಡೊಮೈನ್ (ಅಂತರ್ಜಾಲ ವಿಳಾಸ) ನೋಂದಣಿಯಾಗಿ ಒಂದು ತಿಂಗಳೂ ಆಗಿರಲಿಲ್ಲ. ಪರವಾನಗಿ ಸಂಖ್ಯೆ ಮಾತ್ರ ನಿಜವಾದದ್ದೇ, ಆದರೆ ಬೇರೊಂದು ಸಂಸ್ಥೆಯದ್ದು. ಇಂತಹ ನಕಲಿ ಸಂಸ್ಥೆಗಳನ್ನು ಬ್ರಿಟನ್ನಿನ ಹಣಕಾಸು ನಿಯಂತ್ರಕರು ‘ಕ್ಲೋನ್’ ಎಂದು ಕರೆಯುತ್ತಾರೆ. ಹಾಗಾಗಿ ನಿಯಂತ್ರಕರ ಪಟ್ಟಿಯಲ್ಲಿ ಹೆಸರಿದ್ದರಷ್ಟೇ ಸಾಲದು. ಆ ಪಟ್ಟಿಯಲ್ಲಿರುವ ದೂರವಾಣಿ ಸಂಖ್ಯೆಗೆ ನಾವೇ ಕರೆ ಮಾಡಿ ಕೇಳಬೇಕು.

ಬ್ಯಾಂಕಿಗೆ ಕೂಡಲೇ ತಿಳಿಸಿದೆ, ಪೊಲೀಸರಿಗೆ ದೂರು ಕೊಟ್ಟೆ, ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡೆ. ಗುರುತಿನ ದಾಖಲೆಗಳೂ ಅವರ ಕೈ ಸೇರಿದ್ದರಿಂದ, ನನ್ನ ಹೆಸರಿನಲ್ಲಿ ಹೊಸ ಸಾಲವೇನಾದರೂ ಹುಟ್ಟಿದೆಯೇ ಎಂದು ಕ್ರೆಡಿಟ್ ವರದಿಯನ್ನು ಈಗಲೂ ನೋಡುತ್ತಿರುತ್ತೇನೆ. ಎರಡು ವಾರಗಳ ನಂತರ ಇನ್ನೊಬ್ಬರು ಕರೆ ಮಾಡಿ, ನಾನು ಕಳೆದುಕೊಂಡ ಮೊತ್ತವನ್ನು ಚಾಚೂ ತಪ್ಪದೆ ಹೇಳಿ, ಅದನ್ನು ವಾಪಸು ಕೊಡಿಸುತ್ತೇವೆ ಎಂದರು. ಅದಕ್ಕೂ ಮೊದಲೇ ಒಂದು ಸಣ್ಣ ಶುಲ್ಕವಿತ್ತು.