ಗುಂಡಿ ತೋಡುವ ನಾಯಿಗೆ ಮನೆಗೇ ಬರುವ ಟ್ರೇನರ್: ದುಡ್ಡು ದಂಡವಾ?

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ನಾಯಿ ಹಿತ್ತಲೆಲ್ಲ ಅಗೆದು ಹಾಕುತ್ತಿದ್ದರೆ, ಟ್ರೇನರ್‌ನ ಮೊದಲ ಭೇಟಿಗೆ ಕೊಡುವ ದುಡ್ಡು ದಂಡವಲ್ಲ. ತಿಂಗಳ ಪ್ಯಾಕೇಜಿಗೆ ಮಾತ್ರ ಎರಡು ಸಲ ಯೋಚನೆ ಮಾಡಿ.

ನಮ್ಮದು ದಾವಣಗೆರೆ. ಚಿನ್ನಿ ನಮ್ಮ ಬೀದಿಯಲ್ಲೇ ಹುಟ್ಟಿದ ನಾಟಿ ನಾಯಿ, ಇನ್ನೂ ಎರಡು ವರ್ಷ ತುಂಬಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಇರುತ್ತಾಳೆ. ಮಲ್ಲಿಗೆ ಬುಡ, ಕರಿಬೇವಿನ ಪಾತಿ, ಸಂಪಿನ ಪಕ್ಕ, ಕಾಂಪೌಂಡ್ ಮೂಲೆ, ಎಲ್ಲಿ ನೋಡಿದರೂ ಗುಂಡಿ. "ಇದನ್ನ ಬೋರ್‌ವೆಲ್ ಲಾರಿಯೋರಿಗೆ ಕೊಟ್ಟುಬಿಡವ್ವ" ಅಂತ ಅತ್ತೆಯದು ದಿನಾ ಮಂಗಳಾರತಿ.

ಸಲಹೆ ಕೊಡುವವರಿಗೇನೂ ಬರ ಇರಲಿಲ್ಲ. ಎದುರು ಮನೆಯವರು ನುಸಿ ಗುಳಿಗೆ ಹಾಕಿ ಅಂದರು. ದಯವಿಟ್ಟು ಹಾಕಬೇಡಿ. ಅದು ನಾಯಿಯ ಹೊಟ್ಟೆಗೆ ಹೋದರೆ ವಿಷ. ಖಾರದ ಪುಡಿ ಉದುರಿಸಿ ಅಂತ ಇನ್ನೊಬ್ಬರು. ಮೂಗಿನಲ್ಲೇ ಲೋಕ ನೋಡುವ ಪ್ರಾಣಿಗೆ ಖಾರದ ಪುಡಿ ಅಂದರೆ ಹಿಂಸೆ ಅಷ್ಟೇ, ಕಣ್ಣಿಗೆ ಬಿದ್ದರೆ ಇನ್ನೂ ಕಷ್ಟ. ನಿಂಬೆ ವಾಸನೆಯ ಸ್ಪ್ರೇ ಕೂಡ ಮಾರುತ್ತಾರೆ. ಗಿಡಕ್ಕೆ ದಿನಾ ನೀರು ಹಾಕುವ ಮನೆಯಲ್ಲಿ ಅದು ಎಷ್ಟು ಹೊತ್ತು ನಿಲ್ಲುತ್ತದೆ ಹೇಳಿ?

ಕೊನೆಗೆ ನಮ್ಮ ನಾಯಿ ಡಾಕ್ಟರ್ ಒಬ್ಬ ಟ್ರೇನರ್ ನಂಬರ್ ಕೊಟ್ಟರು. ಹೆಸರು ಇಲ್ಲಿ ಬರೆಯುವುದಿಲ್ಲ, ಕೆಳಗೆ ಬೈಗುಳವೂ ಇದೆ. ಮೊದಲ ಭೇಟಿಗೆ 700 ರೂಪಾಯಿ. ಆ ಹುಡುಗ ಬಂದವನೇ ಚಿನ್ನಿಯ ಕಡೆ ತಿರುಗಿಯೂ ನೋಡಲಿಲ್ಲ. "ಅಕ್ಕಾ, ಮೊದಲು ಗುಂಡಿ ತೋರಿಸ್ರಿ. ನಾಯಿ ಆಮೇಲೆ ನೋಡೋಣ" ಅಂದ.

ಸಂಪಿನ ಪಕ್ಕದ ಗುಂಡಿಯ ಹತ್ತಿರ ಮೊಣಕಾಲೂರಿ ಕೂತು ಒಳಗೆ ಕೈ ಇಟ್ಟ. ನನಗೂ ಇಡಲು ಹೇಳಿದ. ಮೇಲಿನ ನೆಲ ಕಾದ ಹಂಚು, ಒಳಗೆ ತಣ್ಣಗೆ, ತೇವ. ಗುಂಡಿ ಜಾಸ್ತಿ ಆಳ ಇರಲಿಲ್ಲ. ಅಗಲವಾಗಿತ್ತು, ಸರಿಯಾಗಿ ಚಿನ್ನಿ ಮುದುಡಿ ಮಲಗುವಷ್ಟು. ಒಂದು ಅಂಚಿನಲ್ಲಿ ಅವಳ ಕಂದು ಕೂದಲು ಅಂಟಿತ್ತು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕಬೇಕು, ಇಲ್ಲ ತಂಪು ಹುಡುಕಬೇಕು. ಏಪ್ರಿಲ್ ಬಿಸಿಲಿಗೆ ಅವಳು ಹಾಸಿಗೆ ಮಾಡಿಕೊಂಡಿದ್ದಳು, ನಾವು ಅದನ್ನು ಹಾಳು ಮಾಡುವುದು ಅಂದುಕೊಂಡಿದ್ದೆವು.

ಕಾಂಪೌಂಡ್ ಮೂಲೆಯದು ಬೇರೆ ಥರ. ಕಿರಿದು, ಆಳ, ಗೋಡೆಯ ಕಡೆಗೆ ಓರೆ. ಪಕ್ಕದಲ್ಲೇ ಇನ್ನೊಂದು ತೂತು, ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ. "ಇದು ಹೆಗ್ಗಣದ್ದು. ಅದು ಹೋಗೋವರೆಗೆ ಇವಳು ಬಿಡಲ್ಲ" ಅಂದ. ಹಾಗಂತ ಇಲಿ ಪಾಷಾಣ ಇಡಬೇಡಿ ಅಂತಲೂ ಹೇಳಿದ. ಬ್ರೋಮಾಡಿಯೋಲೋನ್ ಅನ್ನುವ ವಿಷ ಇರುವ ಇಲಿ ಕೇಕ್ ತಿಂದರೆ ರಕ್ತ ಹೆಪ್ಪುಗಟ್ಟುವುದೇ ನಿಲ್ಲುತ್ತದಂತೆ, ನಾಯಿಯಲ್ಲಿ ಲಕ್ಷಣ ಕಾಣುವಷ್ಟರಲ್ಲಿ ಕೆಲವು ದಿನ ಕಳೆದಿರುತ್ತವಂತೆ. ವಿಷ ತಿಂದ ಹೆಗ್ಗಣವನ್ನು ನಾಯಿ ತಿಂದರೂ ಅಪಾಯ. ಡಾಕ್ಟರನ್ನು ಕೇಳಿದೆ, ಹೌದು ಅಂದರು. ನಾವು ಬೋನು ಇಟ್ಟೆವು, ಕೋಳಿಗೆ ತಂದಿದ್ದ ಜೋಳದ ಚೀಲವನ್ನು ಮುಚ್ಚಳ ಇರುವ ಡ್ರಮ್ಮಿಗೆ ಸುರಿದೆವು.

ಮಲ್ಲಿಗೆ ಬುಡಕ್ಕೆ ಬಂದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಗೊಬ್ಬರ ಏನು ಹಾಕ್ತೀರಿ?" ಎಲುಬಿನ ಪುಡಿ, ಜೊತೆಗೆ ಹರಳು ಹಿಂಡಿ ಅಂತ ಅತ್ತೆ ಹೆಮ್ಮೆಯಿಂದ ಹೇಳಿದರು. ಅವನು ತಲೆ ಮೇಲೆ ಕೈ ಇಟ್ಟುಕೊಂಡ. ಎಲುಬಿನ ಪುಡಿಯ ವಾಸನೆಗೆ ನಾಯಿ ಅಗೆಯದೆ ಇರುತ್ತದಾ? ಹರಳು ಹಿಂಡಿಯಲ್ಲಿ ರೈಸಿನ್ ಅನ್ನುವ ವಿಷ ಉಳಿದಿರಬಹುದು, ಎಲುಬಿನ ಪುಡಿಯ ಜೊತೆ ಅದನ್ನೂ ತಿಂದು ನಾಯಿಗಳು ಸತ್ತಿರುವುದು ಉಂಟು. ಆ ಚೀಲ ಅವತ್ತೇ ಮನೆಯಿಂದ ಹೊರಗೆ ಹೋಯಿತು. ಇದೊಂದು ಮಾತಿಗೇ 700 ರೂಪಾಯಿ ವಸೂಲಾಯಿತು ಅಂತ ನನ್ನ ಲೆಕ್ಕ. ಈಗ ಕೊಟ್ಟಿಗೆ ಗೊಬ್ಬರ ಮಾತ್ರ.

ಆಮೇಲೆ ಕೆಲಸ ಹೇಳಿದ. ಗಿಡದ ಬುಡಕ್ಕೆ ಕೋಳಿ ಜಾಲರಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಕಾಂಡಕ್ಕೆ ಜಾಗ ಬಿಟ್ಟು ನೆಲಕ್ಕೆ ಹಾಸಿ, ಮೇಲೆ ಒಂದೆರಡು ಇಂಚು ಮಣ್ಣು. ತುದಿಯ ತಂತಿಯನ್ನು ಕೆಳಕ್ಕೆ ಮಡಚಲೇಬೇಕು, ಇಲ್ಲದಿದ್ದರೆ ಪಾದ ಸೀಳುತ್ತದೆ. ಕೆರೆದಾಗ ಉಗುರಿಗೆ ತಂತಿ ಸಿಗುತ್ತದೆ, ಖುಷಿ ಆಗುವುದಿಲ್ಲ, ಬಿಟ್ಟು ಹೋಗುತ್ತಾಳೆ.

ಅಗೆಯಲೇಬೇಕು ಅನ್ನುವ ಹುಚ್ಚಿಗೆ ಅವಳದೇ ಒಂದು ಜಾಗ. ಸೀತಾಫಲದ ನೆರಳಲ್ಲಿ ನಾಲ್ಕಡಿಗೆ ನಾಲ್ಕಡಿ, ಸುತ್ತ ಸೈಜುಗಲ್ಲು, ಒಳಗೆ ಜರಡಿ ಹಿಡಿದ ಮರಳು. ಮೊದಲು ಮೇಲುಮೇಲೆ ರೊಟ್ಟಿ ಚೂರು ಹೂತಿಡಬೇಕು, ಆಮೇಲೆ ಆಳಕ್ಕೆ. ಮಧ್ಯಾಹ್ನ ಒಂದು ಬಕೆಟ್ ನೀರು ಚಿಮುಕಿಸಿದರೆ ಮಲಗುವ ತಂಪೂ ಅಲ್ಲೇ. ಮೊದಲ ಸಲ ಚಿನ್ನಿ ರೊಟ್ಟಿ ತಿಂದು, ಎರಡು ಸಲ ಗುಂಡಗೆ ಸುತ್ತಿ, ಮುಂಗಾಲು ಎರಡನ್ನೂ ಒಟ್ಟಿಗೆ ಹಾಕಿ ಮರಳನ್ನು ನನ್ನ ಸೀರೆಗೇ ಎರಚಿದಳು. ಅವನು ಹೇಳದೆ ಬಿಟ್ಟ ಒಂದು ವಿಷಯ: ಬೀದಿಯ ಬೆಕ್ಕುಗಳಿಗೆ ಇದು ಕಕ್ಕಸು. ರಾತ್ರಿ ತಾಡಪಾಲು ಮುಚ್ಚಲೇಬೇಕು.

ಇನ್ನು ವಾಕಿಂಗ್. ಬೇಸಿಗೆಯಲ್ಲಿ ಬೆಳಿಗ್ಗೆ 7ರ ಒಳಗೆ, ಎಳೆದುಕೊಂಡು ಹೋಗದೆ ಮೂಸಲು ಬಿಟ್ಟು. ಗುಂಡಿ ತೋಡಿ ಎಷ್ಟೋ ಹೊತ್ತಾದ ಮೇಲೆ ಹೊಡೆಯುವುದು, ಮೂತಿ ಹಿಡಿದು ಗುಂಡಿಗೆ ಒತ್ತುವುದು, ಇವೆರಡೂ ಬೇಡ ಅಂದ. ಏಟು ಯಾಕೆ ಬಿತ್ತು ಅಂತ ಅದಕ್ಕೆ ಗೊತ್ತಾಗುವುದಿಲ್ಲ, ನಿಮ್ಮನ್ನು ಕಂಡರೆ ಹೆದರುತ್ತದೆ ಅಷ್ಟೇ.

ಈಗ ಬೈಗುಳ. ತಿಂಗಳ ಪ್ಯಾಕೇಜ್ 6,000 ರೂಪಾಯಿ, ಪೂರ್ತಿ ಮುಂಗಡ. ಅದರಲ್ಲಿ ಕೂರು, ನಿಲ್ಲು, ಶೇಕ್‌ಹ್ಯಾಂಡ್ ಎಲ್ಲ ಇದೆ. ಗುಂಡಿಗೂ ಶೇಕ್‌ಹ್ಯಾಂಡಿಗೂ ಏನು ಸಂಬಂಧ? "ಬಿಡು" ಅಂದರೆ ಬಿಟ್ಟು ಬರುವುದನ್ನು ಕಲಿಸಿದ್ದು ಉಪಯೋಗಕ್ಕೆ ಬಂತು, ಉಳಿದದ್ದು ಮಕ್ಕಳಿಗೆ ಆಟ. ಐದು ಗಂಟೆ ಅಂದರೆ ಆರೂವರೆಗೆ ಬರುತ್ತಾನೆ, ಫೋನ್ ಮಾಡಿದರೆ "ಬಂದೆ ಅಕ್ಕಾ, ಸರ್ಕಲ್ ಹತ್ರ ಇದೀನಿ". ಪ್ರತಿ ಸಲವೂ ಅದೇ ಸರ್ಕಲ್. ತಾನೇ ಮಾರುವ ನಾಯಿ ಫುಡ್ ಚೀಲವನ್ನು ತಗೊಳ್ಳಿ ಅಂತ ಪೀಡಿಸಿದ್ದು ನನಗೆ ಸರಿ ಬರಲಿಲ್ಲ. ನಮ್ಮ ಚಿನ್ನಿ ಅನ್ನ, ಮೊಟ್ಟೆ, ರೊಟ್ಟಿ ತಿಂದೇ ಇಷ್ಟು ಅಗೆಯುತ್ತಾಳೆ, ಇನ್ನೂ ಶಕ್ತಿ ಬೇಕಾ?

ಗುಂಡಿ ಪೂರ್ತಿ ನಿಂತಿದೆಯಾ ಅಂದರೆ ಇಲ್ಲ. ಮಳೆ ಬಂದ ಮಾರನೆ ದಿನ ತುಳಸಿಕಟ್ಟೆ ಪಕ್ಕ ಒಂದು ಇದ್ದೇ ಇರುತ್ತದೆ. ಮಲ್ಲಿಗೆ ಮಾತ್ರ ಉಳಿದುಕೊಂಡಿದೆ, ಅತ್ತೆ ಈಗ ಬೋರ್‌ವೆಲ್ ಲಾರಿ ಮಾತು ಎತ್ತುತ್ತಿಲ್ಲ.

ಮೊದಲ ಭೇಟಿಗೆ ಐದಕ್ಕೆ ಐದು, ಪ್ಯಾಕೇಜಿಗೆ ಎರಡೂವರೆ. ಕರೆಸುವುದಾದರೆ ಬೆಳಗಿನ ಹೊತ್ತು ಕರೆಸಿ, ಗುಂಡಿಗಳನ್ನು ಮುಚ್ಚದೆ ಹಾಗೇ ಬಿಟ್ಟಿರಿ. ಗಿಡಕ್ಕೆ ಗೊಬ್ಬರ ಹಾಕುವವರು ಆವತ್ತು ಮನೆಯಲ್ಲಿರಲಿ. ಪ್ಯಾಕೇಜ್ ಬೇಕೇ ಬೇಕು ಅನಿಸಿದರೆ ದುಡ್ಡನ್ನು ವಾರ ವಾರ ಕೊಡುತ್ತೇನೆ ಅನ್ನಿ. ಪಕ್ಕದ ಬೀದಿಯವರು ಹಾಗೇ ಕೇಳಿದರಂತೆ, ಅವನು ಒಪ್ಪಿಕೊಂಡನಂತೆ.