ಡಬಲ್ ಎಂಡ್ ಬ್ಯಾಗ್: ಮೂರು ತಿಂಗಳು ಬಳಸಿದ ಮೇಲೆ

ಜೋರಾಗಿ ಹೊಡೆಯುವುದೇ ಬಾಕ್ಸಿಂಗ್ ಅಂದುಕೊಂಡವರು ಇದನ್ನು ಒಂದು ವಾರ ಬಳಸಿ ನೋಡಬೇಕು. ಮೇಲೆ ಕೆಳಗೆ ರಬ್ಬರ್ ಹಗ್ಗ, ನಡುವೆ ಒಂದು ಚರ್ಮದ ಚೆಂಡು, ಅಷ್ಟೇ. ಹೆವಿ ಬ್ಯಾಗ್, ಅಂದರೆ ಮೇಲಿಂದ ತೂಗುವ ಆ ದೊಡ್ಡ ಭಾರದ ಚೀಲ, ಸುಮ್ನೆ ನಿಂತು ಏಟು ತಿನ್ನುತ್ತದೆ. ಇದು ಹಾಗಲ್ಲ, ಜಾಬ್ (ಮುಂದಿನ ಕೈಯ ನೇರ ಹೊಡೆತ) ಬಿದ್ದ ಕೂಡಲೇ ತಿರುಗಿ ಮೂಗಿನ ಕಡೆಗೇ ಬರುತ್ತದೆ, ಅಷ್ಟರೊಳಗೆ ಕೈ ಗಲ್ಲದ ಹತ್ತಿರ ವಾಪಸ್ ಬಂದಿರಬೇಕು, ಇಲ್ಲವೇ ತಲೆ ಪಕ್ಕಕ್ಕೆ ಸರಿದಿರಬೇಕು.

ಜಾಬ್ ಆದಮೇಲೆ ನನ್ನ ಎಡಗೈ ಎದೆಮಟ್ಟಕ್ಕೆ ಜಾರುತ್ತದೆ ಅಂತ ಗೊತ್ತಾಗಿದ್ದು ಇದರಿಂದಲೇ. ಚೆಂಡು ಮುಖಕ್ಕೆ ಬಡಿದಾಗ!

ಒಳ್ಳೆಯ ಬಾಕ್ಸರ್ ಅಂದರೆ ಇದೇ ಅಲ್ವಾ? ಹೊಡೆಯಬೇಕು, ಆದರೆ ಏಟು ತಿನ್ನಬಾರದು. 1984ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಪರ್ನೆಲ್ ವಿಟೇಕರ್ ಎದುರಾಳಿಯ ಕೈಗೆಟುಕುವಷ್ಟು ಹತ್ತಿರ ನಿಂತೇ, ಬಗ್ಗಿ ಬಳುಕಿ ಏಟು ತಪ್ಪಿಸುತ್ತಿದ್ದರು. 2008 ಮತ್ತು 2012ರ ಚಿನ್ನ ಗೆದ್ದ ಲೊಮಚೆಂಕೊ ಹೊಡೆದ ಜಾಗದಲ್ಲಿ ನಿಲ್ಲುತ್ತಲೇ ಇರಲಿಲ್ಲ, ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟು, ಎದುರಾಳಿ ತಿರುಗುವಷ್ಟರಲ್ಲಿ ಮತ್ತೆರಡು ಹೊಡೆದಿರುತ್ತಿದ್ದರು. ಬಾಲ್ಯದಲ್ಲಿ ಅವರಪ್ಪ ಡ್ಯಾನ್ಸ್ ಕ್ಲಾಸಿಗೆ ಕಳಿಸಿದ್ದೂ ಈ ಕಾಲ್ಚಳಕಕ್ಕೇ.

ಆ ಕಾಲಿನ ಕೆಲಸವನ್ನು ಮಾತ್ರ ಈ ಬ್ಯಾಗ್ ತಾನಾಗಿ ಕಲಿಸುವುದಿಲ್ಲ. ಹೊಡೆದ ಮೇಲೆ ಸುತ್ತ ತಿರುಗುವುದನ್ನು ನಾವೇ ರೂಢಿ ಮಾಡಿಕೊಳ್ಳಬೇಕು.

ಕೆಳಗಿನ ಹಗ್ಗ ಎರಡನೇ ತಿಂಗಳಿಗೇ ಸಡಿಲವಾಯಿತು, ಬದಲಾಯಿಸಿದೆ. ಮೊದಲ ದಿನವೇ ಜಾಸ್ತಿ ಬಿಗಿ ಮಾಡಬೇಡಿ, ಬಿಗಿಯಾದಷ್ಟೂ ಚೆಂಡು ವೇಗವಾಗಿ ವಾಪಸ್ ಬರುತ್ತದೆ.